ಹತ್ತು ಜನಕ್ಕೆ ಬರೆದ ಒಂದೇ ವಾಕ್ಯ

ಹೋದ ತಿಂಗಳು ಹೊಳೆನರಸೀಪುರದಲ್ಲಿ ನಾನು ಕೂರುವ ಓಪಿಡಿಗೆ ಒಬ್ಬರು ಕೆಮ್ಮಿಕೊಂಡು ಬಂದರು. ರಾಮನಾಥಪುರದ ಕಡೆಯವರು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕುವ ಕೆಲಸ. ಎದೆಯ ಮೇಲೆ ಸ್ಟೆತಸ್ಕೋಪ್ ಇಡಲು ಬಗ್ಗಿದಾಗ ಅವರ ಅಂಗಿಯಿಂದ ಬೆಂದ ಸೊಪ್ಪಿನ ವಾಸನೆ ಬಂತು. ಒಂದು ಸಲ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡದ ವಾಸನೆ ಅದು. ನಮ್ಮಪ್ಪನೂ ಅದೇ ಕೆಲಸ ಮಾಡುತ್ತಿದ್ದವರು. ಆ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಊರು ನೆನಪಾಗಬಹುದು. ನನಗೆ ಎಂ.ಬಿ.ಬಿ.ಎಸ್ಸಿನ ಕೊನೆಯ ವರ್ಷ ನೆನಪಾಗುತ್ತದೆ, ಮೈ ಉರಿಯುತ್ತದೆ. ಆರು ವರ್ಷವಾದರೂ ಈ ಸಿಟ್ಟು ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮಿಕ್ಕ ಕಾಲೇಜಿನವರೆಲ್ಲ ತಾವು ಬಚಾವಾದೆವು ಎಂದುಕೊಂಡಾರು. ಹಾಸನಕ್ಕೆ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ್ದು, ಅಷ್ಟು ಸಾಕು. ನಮ್ಮ ಕೇರಿಯಿಂದ ಡಾಕ್ಟರಿಕೆ ಓದಲು ಹೋದವರಲ್ಲಿ ನಾನೇ ಮೊದಲು. ಆ ವರ್ಷ ಜೂನ್‌ನಲ್ಲಿ ಹಿಡಿದ ಸೋನೆ ಗಣೇಶನ ಹಬ್ಬ ಕಳೆದರೂ ಬಿಡಲಿಲ್ಲ. ಒಮ್ಮೆ ಹೊಯ್ದು ಮುಗಿಸುವ ಮಳೆಯಲ್ಲ ಅದು. ದಿನವಿಡೀ ಜಿನುಗುತ್ತ, ಗಾಳಿಯ ಜೊತೆ ಸೇರಿ ಮೂಳೆಗಿಳಿಯುವಂಥದ್ದು. ಹಾಸ್ಟೆಲಿನಲ್ಲಿ ಏಪ್ರನ್ ಒಣಗುತ್ತಲೇ ಇರಲಿಲ್ಲ. ನಾನು ಶನಿವಾರ ಊರಿಗೆ ಹೋಗಿ, ಅಪ್ಪ ಕೆಲಸ ಮಾಡುವ ಬ್ಯಾರನ್ನಿನ ಬೆಚ್ಚನೆ ಗೋಡೆಯ ಪಕ್ಕ ಏಪ್ರನ್ ಒಣಹಾಕಿ, ಸೋಮವಾರ ಬೆಳಿಗ್ಗೆ ಅರಕಲಗೂಡಿನ ಮೇಲೆ ಹಾಸನದ ಬಸ್ಸು ಹಿಡಿದು ನೇರ ವಾರ್ಡಿಗೆ ಬರುತ್ತಿದ್ದೆ.

ಆ ವರ್ಷ ನಮ್ಮ ಬ್ಯಾಚಿಗೆ ಮೆಂಟರ್ ಪದ್ಧತಿ ಎಂದು ಬಂದಿತ್ತು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಮೇಷ್ಟ್ರು. ತಿಂಗಳಿಗೊಮ್ಮೆ ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ, ಓದು ಹೇಗಿದೆ, ಮೈ ಮನಸ್ಸು ಹೇಗಿದೆ, ಮನೆಯಲ್ಲೇನು ಕಷ್ಟ ಎಂದು ಕೇಳಬೇಕು. ಕೇಳಿದ್ದನ್ನು ಮೆಂಟರ್ ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ನೋಟಿಸ್ ಬೋರ್ಡಿನಲ್ಲಿ ಓದಿದಾಗ ನನಗೆ ಖುಷಿಯಾಗಿತ್ತು. ನನ್ನ ಮನೆಯಲ್ಲಿ ಪಾಠದ ಬಗ್ಗೆ ಕೇಳುವವರು ಯಾರೂ ಇರಲಿಲ್ಲ, ಕೇಳಿದರೂ ಹೇಳಿ ಅರ್ಥ ಮಾಡಿಸಲು ಆಗುತ್ತಿರಲಿಲ್ಲ.

ನಮ್ಮ ಹತ್ತು ಜನಕ್ಕೆ ಬಂದ ಮೆಂಟರು ಸರ್ಜರಿಯ ಯೂನಿಟ್ ಚೀಫ್. ಚೀಫ್ ಸಾರ್ ಎಂದೇ ಕರೆಯುತ್ತಿದ್ದೆವು. ಅವರ ಕೈ ಒಳ್ಳೆಯದು, ಅದನ್ನು ಒಪ್ಪಬೇಕು. ಅವರ ಕತ್ತರಿ ಹಿಡಿತ ನೋಡಲು ಬೇರೆ ಯೂನಿಟ್ಟಿನ ಪಿಜಿಗಳೂ ಬರುತ್ತಿದ್ದರು. ಕೈ ಒಳ್ಳೆಯದೆಂದು ಅವರ ಬಾಯಿಯನ್ನು ಇಡೀ ಕಾಲೇಜು ಸಹಿಸಿಕೊಂಡಿತ್ತು. ಒಂದು ಸೋಮವಾರ ರೌಂಡ್ಸಿನಲ್ಲಿ ನನ್ನ ಪಕ್ಕ ನಿಂತು ಮೂಗು ಮುರಿದರು. "ಏನಿದು ನಾತ? ಬೀಡಿ ಫ್ಯಾಕ್ಟರಿಯಿಂದ ಬರ್ತಿದೀಯಾ?" ಎಂದರು. ಹಿಂದೆಯೇ, "ಯಾವ ಕೋಟಾ?" ಎಂದರು. ನನ್ನ ಮೆಂಟರು ಇಡೀ ವರ್ಷದಲ್ಲಿ ನನ್ನ ಬಗ್ಗೆ ಕೇಳಿದ ಪ್ರಶ್ನೆಗಳು ಇವೆರಡೇ.

ಸವಿತ ನನ್ನ ರೂಮಿನವಳು. ಚನ್ನರಾಯಪಟ್ಟಣದ ಕಡೆ ಬಾಗೂರಿನವಳು, ತೆಂಗಿನ ತೋಟ, ಹೊಲ ಎಲ್ಲ ಇದ್ದ ಒಕ್ಕಲು ಮನೆ. ನನಗಿಂತ ಚೆನ್ನಾಗಿ ಓದುತ್ತಿದ್ದಳು. ಮಾತು ಕಡಿಮೆ, ಆಡಿದರೆ ಅಪ್ಪಟ ಊರಿನ ಮಾತು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಚೀಫ್ ಸಾರ್ ಅವಳನ್ನು ಕೇಸ್ ಹೇಳಲು ನಿಲ್ಲಿಸಿದರು. ಹೊಟ್ಟೆನೋವೆಂದು ಸೇರಿದ್ದ ಒಬ್ಬ ಅಜ್ಜಿ. ಸವಿತ ಹೊಟ್ಟೆ ಮುಟ್ಟಿ ನೋಡಲು ಕೈಯಿಟ್ಟಳು, ಅಜ್ಜಿ ಬೆಚ್ಚಿ ಕಾಲು ಮಡಚಿಕೊಂಡರು.

"ಸ್ಟಾಪ್," ಎಂದರು ಚೀಫ್ ಸಾರ್. "ಏನ್ಮಾಡ್ದೆ ಪೇಶೆಂಟ್‌ಗೆ?"

ಅಜ್ಜಿಯೇ ಹೇಳಿದರು, "ಏನಿಲ್ಲ ಬುಡಿ ಸಾ. ಕೈ ತಣ್ಣಗಿತ್ತು, ಅಷ್ಟೇಯ. ಮಗ ಮೆತ್ತಗೇ ಮುಟ್ತು."

"ನೀವು ಸುಮ್ನಿರಿ ಅಜ್ಜಿ." ಸಾರ್ ಸವಿತಳ ಕಡೆ ತಿರುಗಿದರು. "ಕೈ ಚಾಚು."

ಅವಳು ಎರಡೂ ಕೈ ಚಾಚಿದಳು. "ಎಲ್ಲರೂ ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿ. ಇದು ಡಾಕ್ಟರ್ ಕೈಯೋ, ಹೆಣದ ಕೈಯೋ ಹೇಳಿ."

ಒಂಬತ್ತು ಜನ ಸಾಲಾಗಿ ಹೋಗಿ ಅವಳ ಕೈ ಮುಟ್ಟಿದೆವು. ನಾನು ಆರನೆಯವಳು. ಇಬ್ಬರು ಹುಡುಗರು ನಕ್ಕರು. ನಾನು ನಗಲಿಲ್ಲ ಎಂದು ಬಹಳ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೇನೆ. ಮುಟ್ಟದೆ ನಿಲ್ಲಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ವಾರ್ಡಿನ ಅಷ್ಟೂ ಮಂಚದವರು ನೋಡುತ್ತಿದ್ದರು, ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ಆಮೇಲೆ ಬ್ಯಾಚಿನಲ್ಲಿ ಅವಳಿಗೆ 'ಹೆಣದ ಕೈ' ಎಂದೇ ಅಡ್ಡಹೆಸರಾಯಿತು.

ಆ ವಾರದಿಂದ ಸವಿತ ಸರ್ಜರಿ ವಾರ್ಡಿಗೆ ಬರುವುದನ್ನು ಕಡಿಮೆ ಮಾಡಿದಳು, ಆಮೇಲೆ ನಿಲ್ಲಿಸಿಯೇಬಿಟ್ಟಳು. ಬೆಳಿಗ್ಗೆ ನಮ್ಮೊಟ್ಟಿಗೇ ಎದ್ದು, ಏಪ್ರನ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಡುವಳು. "ಅವ್ವಂಗೆ ಉಷಾರಿಲ್ಲ ಕಣೇ, ಊರ್ಗೋಗ್ಬತ್ತೀನಿ," ಎನ್ನುವಳು. ಸಂಜೆ ನಾಲ್ಕಕ್ಕೆ ವಾಪಸ್ಸು. ಬಾಗೂರಿಗೆ ಹೋಗಿ, ಕಾಯಿಲೆಯ ತಾಯಿಯನ್ನು ನೋಡಿಕೊಂಡು ನಾಲ್ಕಕ್ಕೆಲ್ಲ ಬರಲು ಹೇಗಾಗುತ್ತದೆ ಎಂದು ನಾನು ಲೆಕ್ಕ ಹಾಕಲಿಲ್ಲ. ನನಗೆ ನನ್ನ ಪರೀಕ್ಷೆಯದೇ ತಲೆನೋವಾಗಿತ್ತು.

ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಇನ್ಸ್‌ಪೆಕ್ಷನ್ ಬರುತ್ತದೆಂದು ಸುದ್ದಿಯಾಯಿತು. ಗೋಡೆಗೆ ಸುಣ್ಣ ಬಿತ್ತು, ಮುರಿದ ಕುರ್ಚಿಗಳೆಲ್ಲ ಎಲ್ಲೋ ಮಾಯವಾದವು. ಒಂದು ಮಧ್ಯಾಹ್ನ ಸರ್ಜರಿ ವಿಭಾಗದ ಅಟೆಂಡರ್ ಚಂದ್ರಣ್ಣ ಲೈಬ್ರರಿಗೇ ಬಂದು ನನ್ನನ್ನು ಹುಡುಕಿದರು.

"ಮೇಡಂ, ಚೀಫ್ ಸಾರು ಕರೀತಾವ್ರೆ. ನಿಮ್ಮ ಅಕ್ಸರ ಸಂದಾಗದಂತೆ."

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಕೋಟಾ ಕೇಳಿದ ಮನುಷ್ಯನಿಗೆ ನನ್ನ ಅಕ್ಷರ ಗೊತ್ತಿದೆ ಎಂದು ಮೆಟ್ಟಿಲು ಹತ್ತುವಾಗಲೇ ಎದೆ ಉಬ್ಬಿತ್ತು. ಸಾರ್ ಆಪರೇಷನ್ನಿನಲ್ಲಿದ್ದರು. ಮೇಜಿನ ಮೇಲೆ ಮೆಂಟರ್ ಪುಸ್ತಕ ಇತ್ತು, ಹಾಳೆ ಹಾಳೆಯೂ ಖಾಲಿ. ಹತ್ತು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಆರಾರು ಮೀಟಿಂಗು. ಅಷ್ಟನ್ನೂ ಸಂಜೆಯೊಳಗೆ ಬರೆಯಬೇಕಿತ್ತು. ಚಂದ್ರಣ್ಣ ಒಂದು ಹಿಡಿ ಪೆನ್ನು ತಂದಿಟ್ಟರು.

"ಒಂದೇ ಪೆನ್ನಾಗೆ ಬರೀಬ್ಯಾಡಿ. ಒಂದ್ ದಪ ನೀಲಿ, ಒಂದ್ ದಪ ಕಪ್ಪು. ಇನ್ಸ್‌ಪೆಕ್ಷನ್ನೋರು ಮಗುಚಿ ನೋಡ್ತಾರೆ."

"ಏನಂತ ಬರೀಲಿ ಚಂದ್ರಣ್ಣ?"

"ಏನೋ ಒಂದ್ ಬರೀರಿ. ಎಲ್ಲಾ ಸಂದಾಗವ್ರೆ ಅಂತ ಬರೀರಿ."

ಪುಸ್ತಕ ಇಂಗ್ಲಿಷಿನದು. ನಾನು ಬರೆದದ್ದನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು: ವಿದ್ಯಾರ್ಥಿಯ ಜೊತೆ ಮಾತಾಡಲಾಯಿತು, ಹಾಜರಿ ಸರಿಯಾಗಿದೆ, ಯಾವ ತೊಂದರೆಯೂ ಇಲ್ಲ. ಮೊದಲ ಇಬ್ಬರಿಗೆ ಒಂದಿಷ್ಟು ಬದಲಾಯಿಸಿ ಬರೆದೆ. ಆಮೇಲೆ ಬೇಸರವಾಗಿ ಹತ್ತೂ ಜನಕ್ಕೆ ಅದೊಂದೇ ವಾಕ್ಯ. ತಾರೀಕು ಕೂಡ ತಿಂಗಳು ತಿಂಗಳೂ ಹತ್ತು ಎಂದು ಹಾಕಿದೆ. ಸವಿತಳ ಹಾಳೆಯಲ್ಲಿ ಆಗಸ್ಟ್ ತಿಂಗಳಿಗೆ ಬಂದಾಗ ಒಂದು ಗಳಿಗೆ ಪೆನ್ನು ನಿಂತಿತು. ಅವಳು ವಾರ್ಡಿನ ಮುಖ ನೋಡಿ ದಿನಗಳಾಗಿತ್ತು. ಆದರೂ ಬರೆದೆ. ಹಾಜರಿ ಸರಿಯಾಗಿದೆ, ಯಾವ ತೊಂದರೆಯೂ ಇಲ್ಲ.

ಮಾರನೆಯ ದಿನ ಪುಸ್ತಕ ಹಾಸ್ಟೆಲಿಗೆ ಬಂತು, ಹತ್ತೂ ಜನ ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದೆವು. ಯಾರೂ ಓದಲಿಲ್ಲ. ನಮ್ಮಲ್ಲಿ ಅದೇ ರೂಢಿ, ಕಾಲೇಜಿನಿಂದ ಬಂದ ಕಾಗದಕ್ಕೆ ಓದದೆ ಸಹಿ ಹಾಕುವುದು. ಸವಿತ ಊಟದ ತಟ್ಟೆ ಎಡಗೈಯಲ್ಲಿ ಹಿಡಿದುಕೊಂಡೇ ಆರು ಸಹಿ ಹಾಕಿದಳು.

ಅಕ್ಟೋಬರಿನಲ್ಲಿ ಮಳೆ ನಿಂತಿತು, ನಮ್ಮ ಬ್ಯಾಚು ಮೆಡಿಸಿನ್ ವಾರ್ಡಿಗೆ ಹೋಯಿತು. ಅಲ್ಲಿ ಜಯಶೀಲ ಮೇಡಂ ಇದ್ದರು. ಅಸಿಸ್ಟೆಂಟ್ ಪ್ರೊಫೆಸರ್, ದೊಡ್ಡ ಹೆಸರೇನಿಲ್ಲ, ಪಾಠ ಮಾಡಿದರೆ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಮೊದಲ ದಿನ ನಾನು ಒಬ್ಬ ರೋಗಿಯ ಬಳಿ ಕೂತು ವಿವರ ಕೇಳುತ್ತಿದ್ದಾಗ ಮಂಚದ ಕಾಲ ಬಳಿ ಬಂದು ನಿಂತರು. ಪೂರ್ತಿ ಮುಗಿಯುವವರೆಗೂ ನಿಂತಿದ್ದರು. ಐದು ವರ್ಷದ ಓದಿನಲ್ಲಿ ನಾನು ರೋಗಿಯ ಜೊತೆ ಮಾತಾಡುವುದನ್ನು ಮೇಷ್ಟ್ರೊಬ್ಬರು ನಿಂತು ನೋಡಿದ್ದು ಅದೇ ಮೊದಲು. ಆಮೇಲೆ ಪಕ್ಕದ ಕೋಣೆಗೆ ಕರೆದರು.

"ಆಯಮ್ಮ ಮೂರು ಸಲ ಏನೋ ಹೇಳೋಕೆ ಬಂದ್ರು. ಮೂರು ಸಲಾನೂ ನೀವು ಮುಂದಿನ ಪ್ರಶ್ನೆ ಕೇಳಿಬಿಟ್ರಿ. ನಾಳೆ ಮೊದಲ ಎರಡು ನಿಮಿಷ ಬಾಯಿ ಬಿಡ್ಬೇಡಿ. ಅಷ್ಟು ಮಾಡಿ ಸಾಕು."

ಅಷ್ಟೇ. ಒಳ್ಳೆಯವಳು ಎನ್ನಲಿಲ್ಲ, ದಡ್ಡಿ ಎನ್ನಲಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಬಂದು, ನಾನು ಎರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದೇನೆಯೇ ಎಂದು ಮತ್ತೆ ನಿಂತು ನೋಡಿದರು. ನನ್ನನ್ನು ಹಿಡಿದದ್ದು ಆ ಎರಡನೆಯ ದಿನ. ಹೇಳಿಹೋಗುವವರು ಬೇಕಾದಷ್ಟು ಜನ ಇದ್ದರು. ಹೇಳಿದ ಮೇಲೆ ತಿರುಗಿ ಬಂದು ನೋಡಿದವರು ಅವರೊಬ್ಬರೇ. ನಾನು ಏನೋ ಕೇಳಿದರೆ, "ನಂಗೂ ಗೊತ್ತಿಲ್ಲ, ಓದ್ಕೊಂಡು ಬರ್ತೀನಿ, ನೀವೂ ಓದಿ," ಎಂದು ಎಲ್ಲರ ಮುಂದೆಯೇ ಹೇಳುತ್ತಿದ್ದರು. ಓದಿಕೊಂಡು ಬರುತ್ತಲೂ ಇದ್ದರು.

ಸವಿತ ಮೆಡಿಸಿನ್ ವಾರ್ಡಿಗೆ ಬರುತ್ತಿದ್ದಳು, ಆದರೆ ಎಲ್ಲರ ಹಿಂದೆ, ಎರಡೂ ಕೈ ಏಪ್ರನ್ ಜೇಬಿನಲ್ಲಿ. ಮೇಡಂ ಅದನ್ನು ಮೂರನೆಯ ದಿನಕ್ಕೇ ಗಮನಿಸಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡರು, ನಾನು ಬಾಗಿಲಲ್ಲಿ ಅವಳಿಗಾಗಿ ಕಾಯುತ್ತಿದ್ದೆ.

"ನೀವು ಪೇಶೆಂಟ್‌ನ ಮುಟ್ಟೋದೇ ಇಲ್ಲ. ಯಾಕೆ?"

ಸವಿತ ಜೇಬಿನಿಂದ ಕೈ ತೆಗೆಯದೆಯೇ, "ನನ್ ಕೈ ಸರಿಯಿಲ್ಲ ಮೇಡಂ," ಎಂದಳು. ಹೇಳುತ್ತ ಹೇಳುತ್ತ ಎಲ್ಲವೂ ಹೊರಬಂತು. ಅವ್ವನಿಗೆ ಏನೂ ಆಗಿರಲಿಲ್ಲ. ಅವಳು ದಿನಾ ಹಾಸನದಿಂದ ಕೊರವಂಗಲದ ಬಸ್ಸು ಹತ್ತಿ, ಅಲ್ಲಿನ ದೇವಸ್ಥಾನದ ಕಲ್ಲಿನ ಜಗಲಿಯ ಮೇಲೆ ಪುಸ್ತಕ ಇಟ್ಟುಕೊಂಡು, ವಾರ್ಡು ಬಿಡುವ ಹೊತ್ತಿನವರೆಗೂ ಕೂತಿದ್ದು ಬರುತ್ತಿದ್ದಳು. ಮಳೆಯಲ್ಲಿ, ಆ ಚಳಿಯಲ್ಲಿ, ಎರಡು ತಿಂಗಳು.

ಮೇಡಂ ಕೇಳಿಸಿಕೊಂಡು, "ಕೈ ಕೊಡಿ," ಎಂದರು. ಸವಿತ ಹಿಂದೆ ಸರಿದಳು. ಮೇಡಂ ತಮ್ಮ ಕೈಯನ್ನೇ ಚಾಚಿ ಅವಳ ಕೈಗೆ ತಾಗಿಸಿದರು. "ನಂದೂ ತಣ್ಣಗಿದೆ ನೋಡಿ. ಮುಟ್ಟೋ ಮುಂಚೆ ಎರಡೂ ಕೈ ಚೆನ್ನಾಗಿ ಉಜ್ಜಿಕೊಳ್ಳಿ. ಅಜ್ಜಿ, ಕೈ ತಣ್ಣಗಿದೆ, ಮುಟ್ಟಲಾ ಅಂತ ಕೇಳಿ. ಮೊದಲು ಅವರ ಕೈ ಮೇಲೇ ಇಡಿ, ಆಮೇಲೆ ಹೊಟ್ಟೆ."

ಅರ್ಧ ನಿಮಿಷವೂ ಹಿಡಿಯಲಿಲ್ಲ ಇದನ್ನು ಹೇಳಲು. ಆವತ್ತು ನನಗೆ ಹತ್ತಿದ ಸಿಟ್ಟು ಇವತ್ತಿಗೂ ಅಷ್ಟೇ ಬಿಸಿಯಾಗಿದೆ. ಆಗಸ್ಟಿನ ಆ ಬೆಳಿಗ್ಗೆ ಆ ದೊಡ್ಡ ಸರ್ಜನ್ನಿಗೆ ಈ ಅರ್ಧ ನಿಮಿಷ ಇರಲಿಲ್ಲವೇ? ಒಂಬತ್ತು ಜನರನ್ನು ಸಾಲಾಗಿ ನಿಲ್ಲಿಸಿ ಮುಟ್ಟಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು. ಗದರಿಸಿದರೇ ಹುಡುಗರು ಗಟ್ಟಿಯಾಗುವುದು ಎನ್ನುವವರನ್ನು ಈಗಲೂ ನೋಡುತ್ತೇನೆ. ಗಟ್ಟಿಯಾದವರು ಮಾತ್ರ ಅವರ ಕಣ್ಣಿಗೆ ಬೀಳುತ್ತಾರೆ, ಮಿಕ್ಕವರು ಯಾವುದೋ ಜಗಲಿಯ ಮೇಲೆ ಕೂತಿರುತ್ತಾರೆ.

ಸವಿತ ನವೆಂಬರಿನಲ್ಲಿ ರೋಗಿಗಳನ್ನು ಮುಟ್ಟತೊಡಗಿದಳು. ಆದರೆ ಸರ್ಜರಿಯ ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನೋಟಿಸ್ ಬಂತು. ಬೇರೆ ಯೂನಿಟ್ಟಿನಲ್ಲಿ ಆ ದಿನಗಳನ್ನು ತುಂಬಿಕೊಡುತ್ತೇನೆ, ಅವಕಾಶ ಕೊಡಿ ಎಂದು ನಡೆದದ್ದನ್ನೆಲ್ಲ ಬರೆದು ಅರ್ಜಿ ಕೊಡಲು ಮೇಡಂ ಹೇಳಿದರು. ಡಿಸೆಂಬರಿನಲ್ಲಿ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಒಳಗೆ ಪ್ರಿನ್ಸಿಪಾಲರು, ಇನ್ನಿಬ್ಬರು ಪ್ರೊಫೆಸರುಗಳು, ಚೀಫ್ ಸಾರ್, ಕೊನೆಯ ಕುರ್ಚಿಯಲ್ಲಿ ಜಯಶೀಲ ಮೇಡಂ. ಆಗಸ್ಟಿನ ಘಟನೆಗೆ ಸಾಕ್ಷಿ ಹೇಳಲು ನನ್ನನ್ನು ಕರೆಸಿದ್ದರು, ಆದರೆ ಅದರ ಬಗ್ಗೆ ನನ್ನನ್ನು ಯಾರೂ ಕೇಳಲೇ ಇಲ್ಲ.

ಚೀಫ್ ಸಾರ್ ಜಾಸ್ತಿ ಮಾತಾಡಲಿಲ್ಲ. ಮೆಂಟರ್ ಪುಸ್ತಕವನ್ನು ಮೇಜಿನ ಮೇಲೆ ತಳ್ಳಿದರು. "ನಾನೇ ಆಕೆ ಮೆಂಟರ್. ಪ್ರತಿ ತಿಂಗಳು ಕರೆಸಿ ಮಾತಾಡಿದೀನಿ. ಆಗಸ್ಟಲ್ಲಿ ತೊಂದರೆ ಇಲ್ಲ ಅಂದಿದಾಳೆ, ಸೆಪ್ಟೆಂಬರಲ್ಲೂ ಇಲ್ಲ ಅಂದಿದಾಳೆ. ಈಗ ಹಾಜರಿ ಸಾಲದೆ ಹೋದ ಮೇಲೆ ಕಥೆ ಕಟ್ತಿದಾಳೆ."

ಪ್ರಿನ್ಸಿಪಾಲರು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. "ಇದು ನಿಮ್ಮ ಸಹಿನಾ?"

"ಹೌದು ಸಾರ್."

ನಾನು ನಿಂತಲ್ಲಿಂದಲೇ ನನ್ನ ಅಕ್ಷರ ಕಾಣುತ್ತಿತ್ತು. ಹಾಜರಿ ಸರಿಯಾಗಿದೆ ಎಂದೂ ಅದೇ ಹಾಳೆಯಲ್ಲಿತ್ತು, ಅದನ್ನು ಯಾರೂ ಎತ್ತಲಿಲ್ಲ. ಆ ಕ್ಷಣವೇ ಬಾಯಿ ಬಿಟ್ಟೆ ಎಂದು ಬರೆಯಲು ಆಸೆ. ಬಿಡಲಿಲ್ಲ. ನನ್ನ ಪ್ರಾಕ್ಟಿಕಲ್ ಪರೀಕ್ಷೆ ಅದೇ ಚೀಫ್ ಸಾರ್ ಕೈಯಲ್ಲಿತ್ತು. ಜಯಶೀಲ ಮೇಡಂ ತಾವು ಕೇಳಿದ್ದನ್ನೆಲ್ಲ ಹೇಳಿದರು. "ಅದು ಎಲ್ಲಾದರೂ ಬರವಣಿಗೆಯಲ್ಲಿದೆಯಾ?" ಎಂದು ಒಬ್ಬರು ಕೇಳಿದರು, ಇರಲಿಲ್ಲ. ಪ್ರಿನ್ಸಿಪಾಲರು ಸವಿತಳಿಗೆ, ನೀವಿನ್ನು ಹೊರಡಿ ಎಂದರು. ಅವಳು ಎದ್ದು ನಿಂತಾಗ ನನಗೆ ತಡೆಯಲಾಗಲಿಲ್ಲ.

"ಸಾರ್, ಆ ಪುಸ್ತಕ ಬರೆದಿದ್ದು ನಾನು. ಒಂದೇ ಮಧ್ಯಾಹ್ನದಲ್ಲಿ ಎಲ್ಲಾ ಬರೆದೆ. ಯಾವ ಮೀಟಿಂಗೂ ಆಗಿಲ್ಲ."

ನಾನೇ ಮುಂದುವರಿಸಿದೆ. "ಎಲ್ಲಾ ತಿಂಗಳೂ ಹತ್ತನೇ ತಾರೀಕು ಹಾಕಿದೀನಿ. ಅದರಲ್ಲೊಂದು ಭಾನುವಾರ ಸಾರ್. ಅವತ್ತು ಕಾಲೇಜೇ ಇರಲಿಲ್ಲ."

ಪ್ರಿನ್ಸಿಪಾಲರು ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿ ನೋಡಿದರು. ಪುಸ್ತಕ ಮುಚ್ಚಿದರು. ಆಮೇಲೆ ಚೀಫ್ ಸಾರನ್ನು ಏನಾದರೂ ಕೇಳುತ್ತಾರೆ ಎಂದು ಕಾದೆ. ಅವರು ಕೇಳಿದ್ದು ನನ್ನನ್ನು. "ಕಾಲೇಜಿನ ದಾಖಲೆಯಲ್ಲಿ ಸುಳ್ಳು ಬರೆಯೋಕೆ ನಿಮಗೆ ಯಾರು ಹೇಳಿದ್ರು?" ಚಂದ್ರಣ್ಣ ಎಂದೆ. ಚಂದ್ರಣ್ಣನಿಗೆ ಮೆಮೋ ಹೋಯಿತು, ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಂಡರು. ಸವಿತಳ ಅರ್ಜಿ, ಆಗಸ್ಟಿನ ಘಟನೆಗೆ ದಾಖಲೆ ಇಲ್ಲವೆಂದು, ವಜಾ ಆಯಿತು.

ವಾರ ಕಳೆದು ಚಂದ್ರಣ್ಣ ಕ್ಯಾಂಟೀನಿನ ಬಳಿ ಸಿಕ್ಕರು, ಕಂಕುಳಲ್ಲಿ ಅದೇ ಪುಸ್ತಕ. "ಮೇಡಂ, ಆ ಬಾನ್ವಾರ ಒಂದ ಸರಿ ಮಾಡ್ಬುಡಿ. ನಿಮ್ಮ ಕೈಬರ ನಂಗೆ ಬರಾಕಿಲ್ಲ."

"ನಾನು ಮುಟ್ಟಲ್ಲ ಚಂದ್ರಣ್ಣ ಅದನ್ನ."

"ನನ್ಮ್ಯಾಲ್ಯಾಕೆ ಸಿಟ್ಟು ಮೇಡಂ? ನಾನೇನ್ ಮೆಂಟ್ರಾ? ಮೆಮೋ ತಿಂದೋನು ನಾನು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಪುಸ್ತಕವನ್ನು ನಾನು ಮತ್ತೆ ನೋಡಿದ್ದು ಕಾಲೇಜು ಡೇ ದಿನ, ವೇದಿಕೆಯ ಪಕ್ಕದ ಮೇಜಿನ ಮೇಲೆ ಬೇರೆ ಪುಸ್ತಕಗಳ ಜೊತೆ. ತೆರೆದು ನೋಡಿದೆ. ಹತ್ತರ ಸೊನ್ನೆಯನ್ನು ಯಾರೋ ತಿದ್ದಿ ಒಂದು ಮಾಡಿದ್ದರು. ಮೀಟಿಂಗು ಹನ್ನೊಂದನೇ ತಾರೀಕು ಸೋಮವಾರಕ್ಕೆ ಸರಿದಿತ್ತು. ಆ ಸಂಜೆ ವರ್ಷದ ಒಳ್ಳೆಯ ಮೆಂಟರ್ ಎಂದು ಚೀಫ್ ಸಾರ್‌ಗೆ ಶಾಲು ಹೊದಿಸಿದರು. ಪುಸ್ತಕ ಪೂರ್ತಿ ತುಂಬಿದ್ದು ಅವರೊಬ್ಬರದೇ ಅಂತೆ. ಜಯಶೀಲ ಮೇಡಂ ಪುಸ್ತಕ ಅರ್ಧಕ್ಕರ್ಧ ಖಾಲಿಯಿತ್ತು, ಅದಕ್ಕೆ ಅವರಿಗೂ ಮೆಮೋ ಬಂದಿತ್ತು. ಅವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ನಾನು ಕೈ ಕಟ್ಟಿಕೊಂಡು ಕೂತಿದ್ದೆ.

ಪ್ರಾಕ್ಟಿಕಲ್ಲಿನಲ್ಲಿ ಚೀಫ್ ಸಾರ್ ನನ್ನನ್ನು ಎಷ್ಟು ಅರೆಯಬಹುದೋ ಅಷ್ಟು ಅರೆದರು. ಹೊರಗಿನಿಂದ ಬಂದಿದ್ದ ಪರೀಕ್ಷಕರಿಂದಾಗಿ ಪಾಸಾದೆ. ಸವಿತ ಆರು ತಿಂಗಳು ತಡವಾಗಿ ಪರೀಕ್ಷೆ ಬರೆದಳು, ಈಗ ಅರಕಲಗೂಡಿನ ಆಚೆಯ ಒಂದು ಊರಿನಲ್ಲಿ ಡಾಕ್ಟರು. ವರ್ಷಕ್ಕೊಂದೆರಡು ಸಲ ಫೋನಿನಲ್ಲಿ ಮಾತಾಡುತ್ತೇವೆ, ಕಾಲೇಜಿನ ಸುದ್ದಿ ಎತ್ತುವುದಿಲ್ಲ.

ಆ ಜನವರಿಯಲ್ಲಿ, ನಮಗೆಲ್ಲ ಹಾಲ್ ಟಿಕೆಟ್ ಬಂದ ಮೇಲೆ, ನಾನು ಅವಳನ್ನು ನೋಡಲು ಬಾಗೂರಿಗೆ ಹೋಗಿದ್ದೆ. ಟ್ರಂಕು ಸಮೇತ ಊರಿಗೆ ಹೊರಟುಹೋಗಿದ್ದಳು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಅವ್ವ, "ಬಾ ಮಗ, ಉಂಡ್ಕಂಡೇ ಓಗ್ಬೇಕು," ಎಂದು ಒಳಗೆ ಹೋದರು. ನಾನೂ ಒಂದು ಹಿಡಿ ಕಾಯಿ ಎಳೆದುಕೊಂಡು ಸುಲಿಯತೊಡಗಿದೆ. ಚೀಫ್ ಸಾರನ್ನು ಬೈದೆ, ಪ್ರಿನ್ಸಿಪಾಲರನ್ನು ಬೈದೆ, ಆ ಪುಸ್ತಕವನ್ನು ಸುಡಬೇಕು ಎಂದೆ. ಅಷ್ಟು ಜನರ ಮುಂದೆ ನಿಂತು ನಿಜ ಹೇಳಿದವಳು ನಾನು. ಅದಕ್ಕೊಂದು ಮಾತು ಅವಳಿಂದ ಬರುತ್ತದೆ ಎಂದು ಒಳಗೊಳಗೇ ಕಾಯುತ್ತಿದ್ದೆ. ಅವಳು ತಲೆ ಎತ್ತದೆ ಕೇಳಿಸಿಕೊಂಡಳು.

"ಆ ಸಾರು ನನ್ನ ಏನೂ ಕೇಳ್ನಿಲ್ಲ ಕಣೇ, ದಿಟ," ಎಂದಳು. "ಅವ್ರು ಕೇಳ್ತಾರೆ ಅಂತ ನಾನೂ ಅನ್ಕಂಡಿರ್ಲಿಲ್ಲ. ಆ ಪುಸ್ತಕ್ದಾಗೆ ನನ್ ಆಳೇಲಿ ತೊಂದ್ರೆ ಇಲ್ಲ ಅಂತ ಬರ್ದ್ಯಲ್ಲ, ಅವತ್ತು ಸಂಜೆ ನೀನು ರೂಮಿಗೆ ಬಂದೆ. ನನ್ ಪಕ್ಕದ್ ಮಂಚದಾಗೇ ಮನಿಕಂಡೆ. ನೀನ್ಯಾಕ್ ಕೇಳ್ನಿಲ್ಲ?"